ದೇವಿಯ ಹಿಂದಿನ ದುಂಡು ಹಲಗೆ

ನಮ್ಮ ನೆಂಟರು ಹೇಳುವ ಕಥೆಯಲ್ಲಿ ನಾನು ಕೊನೆಗೆ ದೇವರಿಗೆ ತಲೆಬಾಗುತ್ತೇನೆ. ಕಾಲೇಜಿನಲ್ಲಿ ಮೈಕ್ ಸಿಕ್ಕರೆ ಬಿಡದ, ಮನೆಯಲ್ಲಿ ಮಂಗಳಾರತಿಯ ಹೊತ್ತಿಗೂ ‘ಆಧಾರ ಏನು?’ ಎಂದು ಕೇಳುವ ಹುಡುಗಿ, ನವರಾತ್ರಿಗೆ ಒಂದು ಹಲಗೆ ಕೊಯ್ಯುವಾಗ ಅಮ್ಮನ ಭಕ್ತಿಗೆ ಸೋತು ಮೆಶಿನ್ನನ್ನು ಬಲಪ್ರದಕ್ಷಿಣೆ ಹಾಕಿಸಿದಳಂತೆ. ಕೇಳಲು ಚೆನ್ನಾಗಿದೆ. ಆದರೆ ಮೆಶಿನ್ ಇದ್ದದ್ದು ನನ್ನ ಕೈಯಲ್ಲಿ, ಅದು ಸುತ್ತಿದ್ದು ಎಡಕ್ಕೆ. ಈ ಕಥೆ ಹೇಳುವವರಲ್ಲಿ ಒಬ್ಬರೂ ಆವತ್ತು ಅಲ್ಲಿರಲಿಲ್ಲ. ಇದ್ದದ್ದು ನಾನು ಮತ್ತು ಅಮ್ಮ.

ಹೊಸಮನೆ ಬಡಾವಣೆಯ ನಮ್ಮ ಮನೆಯ ಪೋರ್ಟಿಕೋದಲ್ಲಿ ನಾನು ಬಿಡುವಿದ್ದಾಗಲೆಲ್ಲ ಮರಗೆಲಸ ಮಾಡುತ್ತೇನೆ. ಹೆಸರಿನ ಫಲಕ, ಗಡಿಯಾರದ ಹಲಗೆ, ಸ್ಟೂಲಿನ ದುಂಡು ತಲೆ, ಹೀಗೆ. ನನ್ನ ಮುಖ್ಯ ಆಯುಧ ಟ್ರಿಮ್ಮರ್. ಒಂದೇ ಕೈಯಲ್ಲಿ ಹಿಡಿಯಬಹುದಾದ ಮೆಶಿನ್. ತುದಿಯಲ್ಲಿ ಬೆರಳಿಗಿಂತ ಸಣ್ಣ ಬಿಟ್ ಗಿರ್ರನೆ ತಿರುಗಿ ಮರವನ್ನು ಕೊರೆಯುತ್ತದೆ. ಬರಿಗೈಯಲ್ಲಿ ಅದರಿಂದ ವೃತ್ತ ಕೊಯ್ದರೆ ದೋಸೆಯ ಆಕಾರ ಬರುತ್ತದೆ. ಅದಕ್ಕೇ ಒಂದು ಪಟ್ಟಿ ಜೋಡಿಸುತ್ತಾರೆ. ಪಟ್ಟಿಯ ಒಂದು ತುದಿಗೆ ಮೆಶಿನ್, ಇನ್ನೊಂದು ತುದಿಯ ಮೊಳೆ ಹಲಗೆಯ ನಡುಮಧ್ಯದಲ್ಲಿ. ಶಾಲೆಯ ಕೈವಾರದ ತತ್ವವೇ, ಪೆನ್ಸಿಲ್ ಬದಲು ಹಲ್ಲಿರುತ್ತದೆ ಅಷ್ಟೆ.

ಗೋಪಾಳದ ಮಹಿಳಾ ಮಂಡಳಿಯವರಿಗೆ ನವರಾತ್ರಿಗೆ ದೇವಿಯ ಹಿಂದೆ ನಿಲ್ಲಿಸಲು ಒಂದು ದೊಡ್ಡ ದುಂಡು ಹಲಗೆ ಬೇಕಿತ್ತು. ‘ಹುಡುಗಿ ಕೈಲಿ ಆಗೋ ಕೆಲ್ಸಾನಾ ಇದು? ಯಾರಾದ್ರೂ ಆಚಾರಿಗೆ ಹೇಳಣ’ ಎಂದು ಅವರಲ್ಲೊಬ್ಬರು ಅಂದರಂತೆ. ಅಮ್ಮನಿಗೆ ರೇಗಿತು. ‘ನನ್ನ ಮಗಳೇ ಮಾಡ್ಕೊಡ್ತಾಳೆ, ಸರಿಯಿಲ್ದೆ ಇದ್ರೆ ನನ್ನ ಕೇಳಿ’ ಎಂದು ನನ್ನನ್ನು ಕೇಳದೆಯೇ ಒಪ್ಪಿ ಬಂದಳು. ಅವರು ಕಳಿಸಿದ್ದು ಒಂದು ಬದಿಗೆ, ಅಂದರೆ ಮುಖಕ್ಕೆ, ಸಾಗುವಾನಿಯ ತೆಳು ಪದರ ಅಂಟಿಸಿದ ಪ್ಲೈವುಡ್, ಅಂಥದ್ದು ಒಂದೇ ತುಂಡು. ಕೆಟ್ಟರೆ ಕೆಟ್ಟಿತು; ನನ್ನ ಕೈಯ ಹೆಸರಿನ ಜೊತೆಗೆ ಅಮ್ಮನ ಮಾತೂ ಹೋದಂತೆ.

ಮೆಶಿನ್ ಜೊತೆ ಬಂದಿದ್ದ ಪಟ್ಟಿ ಅಷ್ಟು ದೊಡ್ಡ ವೃತ್ತಕ್ಕೆ ಸಾಲದು. ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅಲ್ಲಿ ನನ್ನ ಸೋದರಮಾವನ ವೆಲ್ಡಿಂಗ್ ಅಂಗಡಿಯಿದೆ.

‘ಏನೇ, ಮೈಕ್ ಬಿಟ್ಟು ಮೆಶಿನ್ ಹಿಡಿದ್ಯಾ? ಪರ್ವಾಗಿಲ್ಲ ಮಾರಾಯ್ತಿ, ನಿನ್ನ ಬಾಯಿಗಿಂತ ಇದ್ರ ಸದ್ದೇ ಕಡಿಮೆ’ ಎಂದರು ಮಾವ. ನಗುನಗುತ್ತಲೇ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕತ್ತರಿಸಿ, ನಾನು ಗೀಚಿಕೊಂಡು ಹೋಗಿದ್ದ ಅಳತೆಗೆ ತೂತು ಹಾಕಿಕೊಟ್ಟರು. ಹೊರಡುವಾಗ ಒಂದು ಮಾತು ಸೇರಿಸಿದರು: ‘ಬಿಟ್ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗುತ್ತೆ, ನೀನು ಎಡಕ್ಕೆ ಸುತ್ತಬೇಕು. ನೀನೂ ಬಲಕ್ಕೆ ಹೋದ್ಯೋ, ಹೊರಗಡೆ ಎಳ್ಕೊಂಡು ಹೋಗುತ್ತೆ.’

ಹೇಳಿದರೆಂದು ನಂಬುವವಳಲ್ಲ ನಾನು. ಮನೆಗೆ ಬಂದು ಹಳೆಯ ಹಲಗೆಯೊಂದರ ಮೇಲೆ ಎರಡೂ ರೀತಿ ಕೊಯ್ದು ನೋಡಿದೆ. ಎಡಕ್ಕೆ ಸುತ್ತಿದಾಗ ಅಂಚು ನುಣುಪಾಗಿ ಬಂತು. ಬಲಕ್ಕೆ ಸುತ್ತಿದಾಗ ಮೆಶಿನ್ ಹೊರಗೆ ಜಗ್ಗಿತು, ಮೊಳೆಯ ತೂತು ಸಡಿಲವಾಯಿತು, ಶುರು ಮಾಡಿದ ಜಾಗಕ್ಕೆ ಮುಗಿಸುವ ಗೆರೆ ಬಂದು ಸೇರಲೇ ಇಲ್ಲ. ಮಾವನ ಮಾತು ಸಾಬೀತಾಯಿತು.

ಇದನ್ನೆಲ್ಲ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ದೇವಿ ಹಲಗೇನೂ ಹೀಗೇ ಎಡಕ್ಕೆ ಸುತ್ತಿ ಕೊಯ್ತೀಯಾ?’

‘ಹೌದು. ಬಲಕ್ಕೆ ಕೊಯ್ದಿದ್ದು ಏನಾಯ್ತು ಅಂತ ನೋಡಿದ್ಯಲ್ಲ.’

‘ಅಪ್ರದಕ್ಷಿಣೆ ಕಣೇ ಅದು. ನಾನು ಒಪ್ಪಲ್ಲ.’

‘ಅಮ್ಮಾ, ಬಿಟ್ ಇದೆಯಲ್ಲ, ಅದು ಬಲಕ್ಕೇ ಸುತ್ತೋದು. ನೀನು ಜನ್ಮವಿಡೀ ಹಾಕಿದ ಪ್ರದಕ್ಷಿಣೆನ ಅದು ಒಂದು ಗಳಿಗೇಲಿ ಹಾಕುತ್ತೆ. ಅದು ಲೆಕ್ಕಕ್ಕಿಲ್ವಾ?’

‘ಅದು ತನ್ನ ಸುತ್ತ ತಾನು ತಿರುಗೋದು, ಆತ್ಮಪ್ರದಕ್ಷಿಣೆ. ದೇವರ ಸುತ್ತ ಹೋಗೋದು ನೀನು. ನೀನು ಯಾವ ಕಡೆ ಹೋಗ್ತೀಯ, ಅದನ್ನ ಹೇಳು.’

ಎಷ್ಟೋ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಮಾತನ್ನು ನಾನು ತುಂಡರಿಸಿದ್ದೇನೆ. ಇಷ್ಟು ಅಚ್ಚುಕಟ್ಟಾದ ಉತ್ತರ ಅಲ್ಲಿ ಯಾರೂ ಕೊಟ್ಟಿಲ್ಲ. ಅಮ್ಮ ಪೇಟೆಗೆ ಹೋದಾಗ ಕೊಯ್ದು ಮುಗಿಸಬಹುದಿತ್ತು, ಆಕೆಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ವಾದದಲ್ಲಿ ಗೆಲ್ಲದೆ ಕದ್ದು ಮಾಡುವುದು ನನ್ನ ಜಾಯಮಾನವಲ್ಲ. ಒಂದಿಡೀ ದಿನ ಹಲಗೆ ಗೋಡೆಗೆ ಒರಗಿ ನಿಂತಿತ್ತು, ನಾವಿಬ್ಬರೂ ಅದಕ್ಕೆ ತಾಗದಂತೆ ಓಡಾಡಿದೆವು.

ಮರುದಿನ ಅಮ್ಮ ಹೊರಗೆ ನಿಂತು ಹಜಾರದ ಕಿಟಕಿಯ ಗಾಜು ಒರೆಸುತ್ತಿದ್ದಳು. ನಾನು ಒಳಗಿದ್ದೆ. ಅವಳ ಬಟ್ಟೆ ಸುತ್ತುವುದು ನನಗೆ ಎಡಕ್ಕೆ ಕಂಡಿತು. ಅಮ್ಮ ಎಡಕ್ಕೆ ಸುತ್ತುವವಳೇ? ಸಾರನ್ನೂ ಬಲಕ್ಕೇ ತಿರುವುವ ಹೆಂಗಸು! ನಾನು ಗಾಜು ತಟ್ಟಿ ಕೂಗಿದೆ.

‘ಅಮ್ಮಾ, ನನ್ನ ಬೆರಳು ನೋಡು. ಯಾವ ಕಡೆ ಹೋಗ್ತಿದೆ?’ ಎಂದು ಗಾಜಿನ ಮೇಲೆ ಎಡಕ್ಕೆ ವೃತ್ತ ಎಳೆದೆ.

‘ಬಲಕ್ಕೆ. ಯಾಕೆ?’

‘ನನಗೆ ಎಡಕ್ಕೆ!’

ಅಮ್ಮ ಬಟ್ಟೆ ಕೆಳಗಿಟ್ಟಳು. ನನ್ನ ಬೆರಳನ್ನೇ ನೋಡಿದಳು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ, ‘ಹಾಗಾದ್ರೆ ಹಲಗೇನ ಬೋರಲು ಹಾಕಿ ಕೊಯ್ಯಿ. ಮುಖದ ಕಡೆಯಿಂದ ಬಲಕ್ಕೆ ಬಂದ್ರಾಯ್ತು’ ಎಂದಳು. ಎದುರಾಳಿ ನನ್ನ ವಾದವನ್ನು ನನಗಿಂತ ಮೊದಲು ಮುಗಿಸಿದ್ದು ಅದೇ ಮೊದಲು.

ಹಲಗೆಯ ಮುಖ ಕೆಳಗೆ ಮಾಡಿ ಅಡಿಯಲ್ಲೊಂದು ಹಳೆಯ ಹಲಗೆ ಕೊಟ್ಟೆ. ನಡುವಿನ ಮೊಳೆಯ ತೂತು ಕೂಡ ಬೆನ್ನಿನಲ್ಲೇ ಉಳಿಯಿತು, ಮುಖದವರೆಗೆ ಬರಲಿಲ್ಲ. ಇದು ನಾವಿಬ್ಬರೂ ಕೇಳದೆ ಸಿಕ್ಕ ಲಾಭ. ಒಂದೇ ಸಲಕ್ಕೆ ಆಳಕ್ಕೆ ಹೋಗದೆ, ಸುತ್ತು ಸುತ್ತಿಗೂ ತುಸು ತುಸುವೇ ಇಳಿಸುತ್ತ ಎಡಕ್ಕೆ ಸುತ್ತಿದೆ. ಕೊನೆಯ ಸುತ್ತಿನಲ್ಲಿ ವೃತ್ತದ ಹೊರಗೆ ಉಳಿದಿದ್ದ ಪ್ಲೈವುಡ್ ಚೌಕಟ್ಟಿನಂತೆ ಕಳಚಿತು. ಹಲಗೆ ಎತ್ತಿ ತಿರುಗಿಸಿದಾಗ ಅಂಚು ಎಲ್ಲೂ ಸಿಬಿರೆದ್ದಿರಲಿಲ್ಲ. ಸುಳ್ಳು ವಿನಯ ಯಾಕೆ? ಅಷ್ಟು ಚಂದದ ವೃತ್ತವನ್ನು ನಾನು ಅಂಗಡಿಯಲ್ಲೂ ನೋಡಿಲ್ಲ.

ಗೋಪಾಳದಲ್ಲಿ, ಆಚಾರಿಗೆ ಹೇಳೋಣ ಎಂದಿದ್ದ ಅದೇ ಆಂಟಿ ಅಂಚಿನುದ್ದಕ್ಕೂ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು. ‘ಎಲ್ಲಿಂದ ಶುರು ಮಾಡಿದ್ದು ಅಂತ್ಲೇ ಗೊತ್ತಾಗಲ್ವಲ್ಲೇ!’ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು, ‘ನಾನು ಹೇಳಿರಲಿಲ್ವಾ? ಅದೂ ಬಲಕ್ಕೇ ಸುತ್ತಿ ಕೊಯ್ದಿದಾಳೆ, ದೇವಿಗೆ ಅಂತ’ ಎಂದಳು. ನೆಂಟರ ಕಥೆ ಹುಟ್ಟಿದ್ದು ಇಲ್ಲಿ. ನಾನು ತಿದ್ದಲು ಹೊರಟೆ, ಆದರೆ ಅವಳ ಮುಖ ಅಷ್ಟು ಬೆಳಗಿತ್ತು. ಮೇಲಾಗಿ, ಅವಳು ನಿಂತ ಕಡೆಯಿಂದ ಅದು ಸುಳ್ಳೂ ಅಲ್ಲ.

ವಾಪಸು ಬರುವಾಗ ಸ್ಕೂಟರ್ ಓಡಿಸುತ್ತ, ಹಿಂದೆ ಕೂತಿದ್ದ ಅಮ್ಮನನ್ನು ಕೇಳಿದೆ: ‘ಅಮ್ಮಾ, ನಿಜ ಹೇಳು. ಬೋರಲು ಹಾಕೋ ದಾರಿ ಹೊಳೀದೇ ಹೋಗಿದ್ರೆ, ಹಲಗೆ ಕೆಟ್ಟು ನಿನ್ನ ಮಾತು ಹೋದ್ರೂ ಸರಿ ಬಲಕ್ಕೇ ಕೊಯ್ಯಿ ಅಂತಿದ್ಯಾ, ಇಲ್ಲಾ ನನ್ನ ಕೈ ನಂಬಿ ಎಡಕ್ಕೆ ಬಿಡ್ತಿದ್ಯಾ?’