ಸಹಿ ಹಾಕದ ಕೋಚ್

ಅವರ ಎಡಗೈಯ ಕೊನೆಯ ಎರಡು ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಗೋಲ್‌ಕೀಪರ್ ಆಗಿದ್ದ ಕಾಲದಲ್ಲಿ ಹಾಕಿ ಚೆಂಡು ಬಡಿದು ಮುರಿದವಂತೆ. ಪಂದ್ಯ ಮುಗಿಯುವವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಆ ಕೈಯಿಂದ ಮಕ್ಕಳ ಶೂ ಲೇಸು ಕಟ್ಟಲು ಅವರಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ಆದರೂ ಬೇರೆಯವರಿಗೆ ಬಿಡುತ್ತಿರಲಿಲ್ಲ.

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಮನೆ ಹತ್ತಿರದ ಪುಟ್ಟ ಹಾಕಿ ಕ್ಲಬ್ಬಿಗೆ ಅವರೇ ಕೋಚ್, ಅವರೇ ಕಾರ್ಯದರ್ಶಿ. ಮಂಗಳೂರು ಕಡೆಯ ಕೊಂಕಣಿ ಕುಟುಂಬ. ಹುಟ್ಟಿದ್ದು ಮಾತ್ರ ಇಲ್ಲೇ. ಮೈಸೂರಿನವಳಾದ ನಾನು ಸಿಕ್ಕರೆ, ಅಮ್ಮನಿಂದ ಕಲಿತ ಕರಾವಳಿ ಕನ್ನಡವನ್ನು ಆಸೆಯಿಂದ ಆಡುತ್ತಿದ್ದರು. ಮೈದಾನದ ನೆಲ ಎರೆಮಣ್ಣು. ಮಳೆ ಬಿದ್ದರೆ ವಾರಗಟ್ಟಲೆ ಆಟವಿಲ್ಲ. ಕೃತಕ ಹುಲ್ಲಿನ ನೆಲ ಬೇಕೆಂದು ಅವರು ಅರ್ಜಿ ಹಾಕದ ಕಚೇರಿ ಉಳಿದಿರಲಿಲ್ಲ.

ದೊಡ್ಡ ಬಂಡವಾಳ ಹೂಡುವ ಹೊರದೇಶದವರಿಗೆ ಸರ್ಕಾರ ಇಲ್ಲಿ ನೆಲೆಸಲು ಪರವಾನಗಿ ಕೊಡುತ್ತದೆ. ಆ ಕಾಗದಪತ್ರ ಸಿದ್ಧಪಡಿಸುವುದೇ ನಗರದ ಕಿಲಿಮಾನಿಯಲ್ಲಿ ನನ್ನ ಕಸುಬು. ಒಮ್ಮೆ ಒಬ್ಬ ವ್ಯಾಪಾರಿ ಬಂದ. ಯಾವುದಾದರೂ ಕ್ರೀಡಾ ಕ್ಲಬ್ಬಿಗೆ ನೆಲ ಹಾಕಿಸಿ ಅದನ್ನೇ ಹೂಡಿಕೆಯೆಂದು ತೋರಿಸುತ್ತೇನೆ ಎಂದ. ನನಗೆ ತಕ್ಷಣ ನಮ್ಮ ಕೋಚ್ ನೆನಪಾದರು. ಕ್ಲಬ್ಬಿನ ಪರವಾಗಿ ಅವರು ಸಹಿ ಹಾಕಬೇಕಾದ ಪತ್ರ ಟೈಪ್ ಮಾಡಿಸಿಕೊಂಡು ಶನಿವಾರ ಮೈದಾನಕ್ಕೆ ಓಡಿದೆ.

ಅವರು ಎರಡು ಸಲ ಓದಿದರು.

“ನೆಲ ಹಾಕಿ ಆಗಿದೆ ಅಂತ ಉಂಟಲ್ಲ ಇದರಲ್ಲಿ. ಎಲ್ಲಿದೆ ಮೇಡಂ?”

“ಪರ್ಮಿಟ್ ಬಂದ್ಮೇಲೆ ಹಾಕಿಸ್ತಾರೆ ಸರ್. ಇದು ಬರೀ ಫಾರ್ಮಾಲಿಟಿ.”

ಅವರು ಕನ್ನಡಕ ತೆಗೆದರು. “ಈ ದೇಶದಲ್ಲಿ ಉಳಿಯುವ ಒಂದು ಕಾಗದಕ್ಕೆ ನನ್ನ ಅಪ್ಪ ಎಷ್ಟು ವರ್ಷ ಆಫೀಸಿನ ಬೆಂಚಲ್ಲಿ ಕೂತಿದ್ರು ಗೊತ್ತುಂಟಾ? ಬದಿಯಲ್ಲಿ ಕೂತು ನಾನು ಹೋಮ್‌ವರ್ಕ್ ಮಾಡ್ತಿದ್ದೆ. ಅಂಥ ಕಾಗದಕ್ಕೆ ನಾನು ಸುಳ್ಳು ಬರೆದು ಕೊಡುದಾ? ಆಗುದಿಲ್ಲ ಮಾರಾಯ್ರೆ. ಅವರು ನೆಲ ಹಾಕ್ಲಿ, ಮರುದಿನವೇ ಸಹಿ ಹಾಕ್ತೇನೆ.”

ನನಗೆ ಸಿಟ್ಟು ಬಂತು. “ಹಾಗಾದ್ರೆ ಮಕ್ಳು ಕೆಸರಲ್ಲೇ ಆಡ್ಲಿ ಬಿಡಿ” ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಪತ್ರ ಮಡಚಿ ನನ್ನ ಕೈಗಿಟ್ಟು ಮಕ್ಕಳ ಕಡೆ ನಡೆದರು.

ವ್ಯಾಪಾರಿ ಬೇರೆ ಸಲಹೆಗಾರರನ್ನು ಹಿಡಿದ. ನಾಚಿಕೆಯೋ ಸಿಟ್ಟೋ, ಅವರ ಬಳಿ ಆಟ ಕಲಿಯುತ್ತಿದ್ದ ನನ್ನ ಮಗಳನ್ನು ಮೈದಾನಕ್ಕೆ ಕಳಿಸುವುದನ್ನು ನಾನು ನಿಲ್ಲಿಸಿದೆ. ಮೂರನೇ ವಾರ ಅವರು ಎರಡು ಮಟಾಟು ವ್ಯಾನು ಬದಲಿಸಿ ನನ್ನ ಕಚೇರಿಗೇ ಬಂದರು. ಪತ್ರದ ವಿಷಯ ತೆಗೆಯುತ್ತಾರೆಂದುಕೊಂಡೆ.

“ಮಗು ಬರ್ತಾ ಇಲ್ಲ. ಜ್ವರವಾ?”

“ಇಲ್ಲ ಸರ್... ಸ್ಕೂಲ್ ವರ್ಕ್.”

“ಶನಿವಾರ ಕಳಿಸಿ. ಎಡಗಡೆಯಲ್ಲಿ ಅವಳಿಲ್ಲದೆ ಆಟ ಆಗುದಿಲ್ಲ.”

ಚಹಾ ಕುಡಿದು, ತಂದುಕೊಟ್ಟವಳಿಗೆ ಸ್ವಾಹಿಲಿಯಲ್ಲಿ “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋದರು. ಆ ಶನಿವಾರ ಮಗಳನ್ನು ನಾನೇ ಕರೆದುಕೊಂಡು ಹೋದೆ. ಅವರು ಎಂದಿನಂತೆ ಕೈಬೀಸಿದರು. ಪತ್ರದ ಮಾತು ನಮ್ಮ ನಡುವೆ ಮತ್ತೆಂದೂ ಬರಲಿಲ್ಲ.

ಹುಲ್ಲಿನ ನೆಲ ಬರಲೇ ಇಲ್ಲ. ಈ ವರ್ಷ, ಎರಡು ವಾರ ಆಸ್ಪತ್ರೆಯಲ್ಲಿದ್ದು, ಅವರು ತೀರಿಕೊಂಡರು. ಅವರ ಕೈಯಲ್ಲಿ ಆಡಿ ಬೆಳೆದ ಹೆಂಗಸರು ನಗರದ ಆ ತುದಿಯ ಕಸರಾನಿಯಿಂದ, ಇನ್ನೂ ಎಲ್ಲೆಲ್ಲಿಂದಲೋ ಮಕ್ಕಳನ್ನು ಎತ್ತಿಕೊಂಡು ಬಂದು ಚರ್ಚಿನ ಅಂಗಳ ತುಂಬಿದ್ದರು.

ಈಗ ಕಡತ ಹಿಡಿದು ಬಂದವರನ್ನು ನಾನು ಮೊದಲು ಕೇಳುತ್ತೇನೆ: ಇದರಲ್ಲಿ ಇರುವುದೆಲ್ಲ ಆಗಿದೆಯೇ? ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಅಂದು ಅವರನ್ನು ಮಣ್ಣು ಮಾಡಿ ಬರುವಾಗ ಕಾರಿನಲ್ಲಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು: “ಅಮ್ಮಾ, ಡಿಡ್ ಯು ಎವರ್ ಸೇ ಸಾರಿ?”

ಇಲ್ಲ, ಎಂದೆ.