ಮೊದಲು ಹಾಡು, ಆಮೇಲೆ ವಿಂಡೋಸ್

"ಕೈ ತೆಗೀರಿ ಮೇಡಂ!" ಬೀದರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ರಫೀಕ್‌ಭಾಯಿ ಗದರಿದಾಗ ನನ್ನ ಬೆರಳು ಲ್ಯಾಪ್‌ಟಾಪಿನ ಬಟನ್ ಮೇಲಿತ್ತು. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎನ್ನುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿಹೋದೀತೆಂದುಕೊಂಡಿದ್ದೆ.

"ಈಗ ಬಂದ್ ಮಾಡಿದ್ರ ಮತ್ತ ಏಳಂಗಿಲ್ರಿ ಅದು. ಏನ್ ಹೋದ್ರ ಅಳ್ತೀರಿ, ಅದನ್ನ ಮೊದಲ ಹೇಳ್ರಿ. ವಿಂಡೋಸ್ ಆಮ್ಯಾಲ."

ಗಂಟಲಿನ ಆಪರೇಷನ್‌ಗೆ ಮೊದಲು ಅವ್ವ ಹಾಡಿದ್ದ ಬೀಸುವ ಪದಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಡಿಸ್ಕ್ ಅಲುಗೀತೆಂದು ಮೇಜಿಗೆ ಮೊಣಕೈ ಊರಲೂ ರಫೀಕ್‌ಭಾಯಿ ಯಾರನ್ನೂ ಬಿಡಲಿಲ್ಲ. ಹೊಸ ಡಿಸ್ಕಿಗೆ ಹಾಡುಗಳು ಬಂದವು, ಹಿಂದೆಯೇ ವಿಂಡೋಸ್ ಕೂಡ. ರಫೀಕ್‌ಭಾಯಿ ಒಂದು ಪದ ಹಚ್ಚಿದರು.

ಪಕ್ಕದಲ್ಲಿದ್ದ ಅವ್ವ ತನಗೀಗ ಉಳಿದಿರುವ ಪಿಸುದನಿಯಲ್ಲಿ ಕೇಳಿದಳು: "ನಾ ಇಷ್ಟು ಜೋರ್ ಒದರ್ತಿದ್ನೇನ?"

ಔರಾದಿನ ನಮ್ಮ ಮನೆಗೆ ಯಾರೇ ಬಂದರೂ ಅವ್ವ ಈಗ ಲ್ಯಾಪ್‌ಟಾಪ್ ತೆರೆಸುತ್ತಾಳೆ. ಹಾಡು ಮುಗಿಯುವವರೆಗೆ ಅವರಿಗೆ ಚಹಾ ಸಿಗುವುದಿಲ್ಲ.