ದೊಡ್ಡಪ್ಪನ ಹೊಟ್ಟೆಗೆ ತುಪ್ಪದ ಪ್ಲಾಸ್ಟರ್

ಶಿಕಾರಿಪುರದ ನಮ್ಮ ದೊಡ್ಡಪ್ಪ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಬೆರಳ ಗೆಣ್ಣಿನಿಂದ ಟಕ್ ಟಕ್ ತಟ್ಟಿ, ಕಿವಿಯಿಟ್ಟು, "ಪೊಳ್ಳೈತಿ. ಯಾವ ಪುಣ್ಯಾತ್ಮ ಪ್ಲಾಸ್ಟರ್ ಮಾಡಿದ್ದು?" ಎನ್ನುತ್ತಿದ್ದ. ಕುಶಲಪ್ರಶ್ನೆ ಆಮೇಲೆ. ಅಕ್ಕನಿಗೆ ಗಂಡು ನೋಡಲು ಹೋದಲ್ಲೂ ಹೀಗೇ ಮಾಡಿದ್ದರಿಂದ, ಆ ಸಂಬಂಧ ಅಲ್ಲೇ ಅರ್ಧ ಇಂಚು ಬಿರುಕು ಬಿಟ್ಟಿತು.

ಗಾರೆ ಮೇಸ್ತ್ರಿ. ಜಗತ್ತಿನಲ್ಲಿ ಅವನಿಗೆ ಅರ್ಥವಾಗದ್ದು ಯಾವುದೂ ಇರಲಿಲ್ಲ, ಏಕೆಂದರೆ ಎಲ್ಲವೂ ಗೋಡೆಯೇ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದ ಡಾಕ್ಟರು ಹುಣ್ಣಿನ ಫೋಟೋ ತೋರಿಸಿದರೆ, ಕನ್ನಡಕ ಏರಿಸಿಕೊಂಡು "ತೇವ ಹಿಡದೈತ್ರೀ" ಎಂದು ಅವರಿಗೇ ಹೇಳಿ ಬಂದ. ಡಾಕ್ಟರು ಹೇಳಿದ್ದು ಎರಡೇ ಮಾತು: ಮಂಡಿನೋವಿಗೆ ನುಂಗುವ ಮಾತ್ರೆ ಹೊಟ್ಟೆಯನ್ನು ಕೊರೆಯುತ್ತಿದೆ, ಬಿಡಿ, ಈ ಔಷಧಿ ಹದಿನಾಲ್ಕು ದಿನ ತಪ್ಪಿಸಬೇಡಿ.

ಮೂರನೇ ದಿನ ಹೊಟ್ಟೆನೋವು ಹೋಯಿತು, ಔಷಧಿ ಗೂಡು ಸೇರಿತು. ಅದರ ಜಾಗಕ್ಕೆ ತುಪ್ಪ ಬಂತು. ಸೊರಬದ ನಮ್ಮ ಮನೆಗೆ ಬಚ್ಚಲ ಗೋಡೆ ಮಾಡಲು ಬಂದವನು, ಬೆಳಿಗ್ಗೆ ಒಂದು ಸೌಟು ಬಿಸಿ ತುಪ್ಪ ಗಂಟಲಿಗೆ ಸುರಿದುಕೊಂಡು ಚಾಪೆಯ ಮೇಲೆ ಎಡಕ್ಕೂ ಬಲಕ್ಕೂ ಹೊರಳತೊಡಗಿದ.

"ಎಂತ ಮಾಡ್ತಿದೀಯ ದೊಡ್ಡಪ್ಪಾ?"

"ಪ್ಲಾಸ್ಟರ್ ಎಲ್ಲಾ ಕಡಿ ಕೂರಬೇಕಲ್ಲವಾ!"

ನಾನು ಪಿಯುಸಿ ಸೈನ್ಸ್. ಬಿಡುತ್ತೇನೆಯೇ? "ತುಪ್ಪ ಹೊಟ್ಟೇಲಿ ಅಂಟ್ಕಂಡ್ ಕೂರಲ್ಲ. ಸಣ್ಣ ಕರುಳಿಗೆ ಇಳೀತದೆ. ಅಲ್ಲಿ ಪಿತ್ತರಸ ಪಾತ್ರೆ ಸೋಪಿನ ಥರ ಅದನ್ನ ಹನಿಹನಿ ಒಡೀತದೆ. ನಿನ್ನ ಪ್ಲಾಸ್ಟರ್ ಪೂರಾ ತೊಳ್ಕಂಡ್ ಹೋಗ್ತದೆ."

"ನೀ ಒಳಗ್ ಹೋಗಿ ನೋಡಿಯೇನ್ ಡಾಕ್ಟ್ರಮ್ಮಾ?"

"ನೀ ನೋಡಿದೀಯ?"

"ಹೊಟ್ಟಿ ನಂದೈತಿ!"

ಎರಡು ದಿನದಲ್ಲಿ ಗೋಡೆ ಕನ್ನಡಿಯಂತಾಯಿತು. ಹೊರಡುವಾಗ ನನ್ನ ಕೈಗೆ ಚೊಂಬು ಕೊಟ್ಟ. "ಏಳು ದಿನ ನೀರು ಹಾಕ್ಬೇಕು. ಮ್ಯಾಲೆ ಗಟ್ಟಿಯಾತು ಅಂತ ಮೂರಕ್ಕ ಬಿಟ್ಟಿಯೋ, ಒಳಗ ಬಿರುಕು ಬಿಡ್ತೈತಿ."

"ಮತ್ತೆ ನಿನ್ನ ಔಷಧಿ ಮೂರೇ ದಿನಕ್ಕೆ ಬಿಟ್ಟಿದ್ದು?"

ದೊಡ್ಡಪ್ಪ ತೊಳೆದಿದ್ದ ಗಾರೆ ಕರಣೆಯನ್ನೇ ಮತ್ತೆ ತೊಳೆದ. "ಊರಿಗ್ ಹೋಗಿ ಶುರು ಮಾಡ್ತೀನಿ, ಬಿಡವಾ."

ಬಸ್‌ಸ್ಟ್ಯಾಂಡಿನಲ್ಲಿ ಮಂಡಿ ಉಜ್ಜಿಕೊಂಡು, ಜೇಬಿನಿಂದ ಅದೇ ನೋವಿನ ಮಾತ್ರೆ ತೆಗೆದು ನುಂಗಿದ. ನೋಡಿದೆ. ಮಾತಿನಲ್ಲಿ ಗೆದ್ದ ಖುಷಿಯಲ್ಲಿದ್ದೆ, ಏನೂ ಹೇಳಲಿಲ್ಲ.

ಗೋಡೆಗೆ ನೀರು ಹಾಕತೊಡಗಿದ ನಾಲ್ಕನೇ ದಿನ ಊರಲ್ಲಿ ರಕ್ತ ವಾಂತಿ ಮಾಡಿಕೊಂಡನಂತೆ. ಐದನೇ ದಿನ ದೊಡ್ಡಪ್ಪ ಇರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ನಾನು ಚೊಂಬು ಹಿಡಿದು ಬಚ್ಚಲಿಗೆ ಹೋದೆ. ಆರನೇ ದಿನವೂ, ಏಳನೇ ದಿನವೂ.

ಈಗಲೂ ಸ್ನಾನಕ್ಕೆ ಹೋದಾಗ ಆ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಯಿಡುತ್ತೇನೆ. ಎಲ್ಲೂ ಪೊಳ್ಳಿಲ್ಲ.